ಆಪರೇಷನ್ ಆದ ಬೆಕ್ಕು ಮನೆಗೆ ಬಂದ ಮೇಲೆ: ಮೊದಲ ರಾತ್ರಿಯಿಂದ ಹೊಲಿಗೆ ಬಿಚ್ಚುವವರೆಗೆ

ಪ್ರಶ್ನೆ: ನಮ್ಮ ಹೆಣ್ಣು ಬೆಕ್ಕು ಮಿನ್ನಿಗೆ 8 ತಿಂಗಳು, ತೂಕ ಸುಮಾರು 3 ಕೆ.ಜಿ. ಮುಂದಿನ ವಾರ ಮರಿಯಾಗದಂತೆ ಆಪರೇಷನ್ ಮಾಡಿಸುತ್ತಿದ್ದೇವೆ. ಬೆಳಿಗ್ಗೆ ಬಿಟ್ಟು ಸಂಜೆ ಕರೆದುಕೊಂಡು ಹೋಗಿ ಎಂದಿದ್ದಾರೆ. ಪಕ್ಕದ ಮನೆಯ ಬೆಕ್ಕು ಮೂರನೇ ದಿನಕ್ಕೆ ಹೊಲಿಗೆ ಕಿತ್ತುಕೊಂಡು ಮತ್ತೆ ಆಸ್ಪತ್ರೆ ಸೇರಿತ್ತು, ಹಾಗಾಗಿ ಭಯ. ನೋವಿದ್ದರೆ ಡೋಲೊ ಕಾಲು ಮಾತ್ರೆ ಕೊಡಬಹುದೇ? ಗಾಯಕ್ಕೆ ಅರಿಶಿನ ಹಚ್ಚಬಹುದೇ? ಹಾಲು-ಅನ್ನ ಸಾಕೇ? ಮನೆಯಲ್ಲಿ ಒಂದು ವರ್ಷದ ಗಂಡು ಬೆಕ್ಕೂ ಇದೆ, ಅದಕ್ಕೆ ಆಪರೇಷನ್ ಆಗಿಲ್ಲ. ನಾವಿಬ್ಬರೂ ಕೆಲಸಕ್ಕೆ ಹೋಗುವವರು.
– ಓದುಗರು, ದಾವಣಗೆರೆ

ಉತ್ತರ: ಡೋಲೊ ವಿಷಯ ಮೊದಲು. ಕೊಡಲೇಬೇಡಿ. ಕಾಲು ಮಾತ್ರೆಯೂ ಬೇಡ, ಮಕ್ಕಳ ಸಿರಪ್ಪಿನ ನಾಲ್ಕು ಹನಿಯೂ ಬೇಡ. ಡೋಲೊ, ಕ್ರೋಸಿನ್, ಕ್ಯಾಲ್ಪಾಲ್ ಎಲ್ಲವೂ ಪ್ಯಾರಾಸಿಟಮಾಲ್. ನಮ್ಮ ಯಕೃತ್ತು ಈ ಔಷಧವನ್ನು ಕರಗಿಸಿ ಹೊರಹಾಕುವ ದಾರಿ ಬೆಕ್ಕಿನ ಯಕೃತ್ತಿನಲ್ಲಿ ತೀರಾ ಕಿರಿದು. ಹೊರಹೋಗದೆ ಉಳಿದದ್ದು ರಕ್ತದ ಕೆಂಪು ಕಣಗಳನ್ನು ಕೆಡಿಸುತ್ತದೆ, ಆಮ್ಲಜನಕ ಹೊರುವ ಶಕ್ತಿಯೇ ಹೋಗುತ್ತದೆ. ಒಸಡು ಕಂದು ಬಣ್ಣಕ್ಕೆ ತಿರುಗಿ, ಮುಖ ಮತ್ತು ಪಾದ ಊದಿಕೊಂಡು, ಉಸಿರಿಗೆ ಒದ್ದಾಡುತ್ತದೆ. 650ರ ಕಾಲು ಮಾತ್ರೆ ಎಂದರೆ 160 ಮಿ.ಗ್ರಾಂ.ಗಿಂತ ಹೆಚ್ಚು, 3 ಕೆ.ಜಿ.ಯ ಮಿನ್ನಿಗೆ ಅದು ಕಿಲೋಗೆ 50 ಮಿ.ಗ್ರಾಂ. ದಾಟುತ್ತದೆ. ಕಿಲೋಗೆ 10 ಮಿ.ಗ್ರಾಂ.ಗೇ ಬೆಕ್ಕುಗಳಿಗೆ ವಿಷವೇರಿದ್ದುಂಟು. ಯಾರಾದರೂ ತಿಳಿಯದೆ ಕೊಟ್ಟುಬಿಟ್ಟರೆ ಲಕ್ಷಣ ಕಾಣಲಿ ಎಂದು ಕಾಯದೆ ಆಸ್ಪತ್ರೆಗೆ ಓಡಿ. ಇದಕ್ಕೆ ಪ್ರತಿವಿಷ ಇದೆ, ಆದರೆ ಮೊದಲ ಕೆಲವು ಗಂಟೆಗಳಲ್ಲಿ ಕೊಟ್ಟರೇ ಹೆಚ್ಚು ಫಲ.

ಕಾಂಬಿಫ್ಲಾಮ್, ಡೈಕ್ಲೋಫೆನಾಕ್, ಆಸ್ಪಿರಿನ್ ಕೂಡ ಹಾಗೆಯೇ ಬೇಡ. ಮೆಲಾಕ್ಸಿಕಾಂ ಎಂಬ ಹೆಸರು ನಿಮ್ಮ ಡಾಕ್ಟರ ಚೀಟಿಯಲ್ಲಿ ಬರಬಹುದು, ಅದು ಬೆಕ್ಕಿಗೆ ಕೊಡುವ ಔಷಧವೇ. ಆದರೆ ಅದರ ದಿನದ ಪ್ರಮಾಣ ಕಿಲೋಗೆ 0.05 ಮಿ.ಗ್ರಾಂ., ಅಂದರೆ ಮಿನ್ನಿಗೆ 0.15 ಮಿ.ಗ್ರಾಂ. ಮನುಷ್ಯರ ಮಾತ್ರೆ 7.5 ಮಿ.ಗ್ರಾಂ.ನದು, ಐವತ್ತು ಪಟ್ಟು. ಅದನ್ನು ಚೂರು ಮಾಡಿ ಅಂದಾಜಿಗೆ ಕೊಡುವುದು ಕಿಡ್ನಿ ಕೆಡಿಸುವ ದಾರಿ. ನಾಯಿಗೆಂದು ಬರುವ ದ್ರಾವಣವೂ ಬೆಕ್ಕಿನದಕ್ಕಿಂತ ಮೂರು ಪಟ್ಟು ಗಾಢ: ಒಂದು ಮಿ.ಲೀ.ಗೆ 1.5 ಮಿ.ಗ್ರಾಂ., ಬೆಕ್ಕಿನದು 0.5. ಚೀಟಿಯಲ್ಲಿ ಬರೆದ ಬಾಟಲಿಯೇ ಬೇಕು, ಅದರ ಜೊತೆ ಬಂದ ಸಿರಿಂಜಿನಲ್ಲೇ ಅಳೆಯಬೇಕು. ಮೆಲಾಕ್ಸಿಕಾಂ ಹೊಟ್ಟೆಗೆ ಊಟ ಬಿದ್ದ ಮೇಲೆ ಕೊಡುವುದು. ಬೆಕ್ಕು ತಿನ್ನುತ್ತಿಲ್ಲ, ನೀರು ಕುಡಿಯುತ್ತಿಲ್ಲ, ವಾಂತಿ ಮಾಡುತ್ತಿದೆ ಎಂದರೆ ಆ ದಿನದ ಡೋಸ್ ಕೊಡುವ ಮೊದಲು ಡಾಕ್ಟರಿಗೆ ಫೋನ್ ಮಾಡಿ.

ಈಗ ದಿನದ ವಿಷಯ. ಇಬ್ಬರೂ ಕೆಲಸಕ್ಕೆ ಹೋಗುವವರು ಸಾಮಾನ್ಯವಾಗಿ ಶನಿವಾರ ಆರಿಸುತ್ತಾರೆ, ಭಾನುವಾರ ಮನೆಯಲ್ಲೇ ಇರುತ್ತೇವಲ್ಲ ಎಂದು. ಭಾನುವಾರ ಹೆಚ್ಚಿನ ಕ್ಲಿನಿಕ್‌ಗಳೂ ಮುಚ್ಚಿರುತ್ತವೆ ಎಂಬುದು ಆಮೇಲೆ ನೆನಪಾಗುತ್ತದೆ. ಗುರುವಾರ ಮಾಡಿಸಿ, ಶುಕ್ರವಾರ ಒಬ್ಬರು ರಜೆ ಹಾಕಿ. ಏನಾದರೂ ಎಡವಟ್ಟಾದರೆ ಶುಕ್ರವಾರ, ಶನಿವಾರ ಡಾಕ್ಟರು ಸಿಗುತ್ತಾರೆ. ಆ ವಾರ ಮಿನ್ನಿ ಬೆದೆಗೆ ಬಂದು ಕೂಗಲು ಶುರು ಮಾಡಿದರೆ ಮೊದಲೇ ತಿಳಿಸಿ. ಬೆದೆಯಲ್ಲಿ ಗರ್ಭಕೋಶಕ್ಕೆ ರಕ್ತದ ಹರಿವು ಹೆಚ್ಚಿರುವುದರಿಂದ ಕೆಲವರು ಮುಂದೂಡುತ್ತಾರೆ, ಕೆಲವರು ಎಚ್ಚರದಿಂದ ಮಾಡುತ್ತಾರೆ. ಊಟ ಎಷ್ಟು ಹೊತ್ತಿಗೆ ನಿಲ್ಲಿಸಬೇಕೆಂದು ಕೇಳಿಕೊಳ್ಳಿ. ಈ ವಯಸ್ಸಿನ ಬೆಕ್ಕಿಗೆ ಸಾಮಾನ್ಯವಾಗಿ 6ರಿಂದ 8 ಗಂಟೆ ಖಾಲಿ ಹೊಟ್ಟೆ ಸಾಕು, ನೀರನ್ನು ಬೆಳಿಗ್ಗೆಯವರೆಗೂ ಇಡಬಹುದು. ಗಂಡು ಬೆಕ್ಕಿನ ತಟ್ಟೆಯನ್ನೂ ಅದೇ ಹೊತ್ತಿಗೆ ಎತ್ತಿಡಿ, ಇಲ್ಲದಿದ್ದರೆ ಮಿನ್ನಿ ಅದರ ಪಾಲು ತಿಂದು ಹೋಗುತ್ತದೆ; ತುಂಬಿದ ಹೊಟ್ಟೆಗೆ ಅರಿವಳಿಕೆ ಕೊಟ್ಟಾಗ ವಾಂತಿ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ.

ಸಂಜೆ ಕರೆತರುವಾಗ ಗಡಿಬಿಡಿಯಲ್ಲಿ ಹೊರಡಬೇಡಿ. ಹೊಲಿಗೆ ಬಿಚ್ಚುವ ದಾರದ್ದೋ, ತಾನೇ ಕರಗುವುದೋ? ಗಾಯ ಹೊಟ್ಟೆಯ ನಡುವೆ ಇದೆಯೋ, ಪಕ್ಕೆಯಲ್ಲೋ? ನೋವಿನ ಇಂಜೆಕ್ಷನ್ ಎಷ್ಟು ಹೊತ್ತಿಗೆ ಕೊಟ್ಟರು, ಮುಂದಿನದು ಯಾವಾಗ? ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡುವುದು? ಇಷ್ಟನ್ನು ಚೀಟಿಯ ಹಿಂದೆ ಬರೆಸಿಕೊಳ್ಳಿ. ಕೌಂಟರಿನಲ್ಲಿ ಹೇಳಿದ್ದು ಮನೆ ಮುಟ್ಟುವಷ್ಟರಲ್ಲಿ ಅರ್ಧ ಮರೆತಿರುತ್ತದೆ.

ಬೆಕ್ಕನ್ನು ಮಡಿಲಲ್ಲಿ ಕೂರಿಸಿಕೊಂಡು ಬೈಕಿನಲ್ಲಿ ತರಬೇಡಿ. ಮಂಪರಿನ ಬೆಕ್ಕು ಹಾರ್ನ್ ಕೇಳಿ ಒಮ್ಮೆಲೇ ಜಿಗಿಯುತ್ತದೆ. ಬಾಗಿಲು ಮುಚ್ಚುವ ಬುಟ್ಟಿ ಅಥವಾ ಕ್ಯಾರಿಯರ್, ತಳಕ್ಕೆ ದಪ್ಪ ಟವೆಲ್, ಸಾಧ್ಯವಾದರೆ ಆಟೊ.

ಮೊದಲ ರಾತ್ರಿ ಹೆದರಿಸುವಂತಿರುತ್ತದೆ, ಹಾಗಾಗಿ ಏನು ಕಾಣಬಹುದೆಂದು ಮೊದಲೇ ತಿಳಿದಿರಲಿ. ಕೆಟಮೈನ್ ಎಂಬ ಅರಿವಳಿಕೆ ಬೆಕ್ಕುಗಳಿಗೆ ಹೆಚ್ಚು ಬಳಕೆಯಲ್ಲಿದೆ. ಅದರಲ್ಲಿ ಕಣ್ಣು ತೆರೆದೇ ಇರುತ್ತದೆ, ಪಾಪೆ ದೊಡ್ಡದಾಗಿರುತ್ತದೆ, ಏಳುವಾಗ ತಲೆ ಆಚೀಚೆ ತೂಗುತ್ತದೆ. ಕಣ್ಣಿನ ಒಳಮೂಲೆಯಿಂದ ಬಿಳಿ ಪರದೆ ಅರ್ಧಕ್ಕೆ ಬಂದಿರಬಹುದು. ನಡೆಯಲು ಹೋಗಿ ಹಿಂಗಾಲು ಕುಸಿಯುತ್ತದೆ, ವಿಚಿತ್ರ ದನಿಯಲ್ಲಿ ಅರಚಬಹುದು, ನಿಮ್ಮನ್ನೇ ಗುರುತಿಸದೆ ಪರಚಬಹುದು. ಈ ಓಲಾಟ 12 ಗಂಟೆಗಳಲ್ಲಿ ಬಹುಪಾಲು ಇಳಿದು, 24 ಗಂಟೆಗಳಲ್ಲಿ ಹೋಗಬೇಕು. ಲೈಟು ಮಂದ ಮಾಡಿ, ಟೀವಿ ಆರಿಸಿ, ಪದೇ ಪದೇ ಎತ್ತಿ ಮುದ್ದಾಡುವುದನ್ನು ಬಿಡಿ. ಎತ್ತಲೇಬೇಕಾದರೆ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕುಂಡಿಯ ಕೆಳಗೆ. ಹೊಟ್ಟೆಗೆ ಕೈ ಹಾಕಿ ಎತ್ತಬಾರದು, ಕತ್ತಿನ ಚರ್ಮ ಹಿಡಿದು ತೂಗಾಡಿಸಲೂಬಾರದು.

ಜಾಗ ನೆಲದ ಮಟ್ಟದಲ್ಲಿರಲಿ. ಸೋಫಾ, ಮಂಚದ ಮೇಲೆ ಮಲಗಿಸಿದರೆ ಬೀಳುತ್ತದೆ. ಬಚ್ಚಲುಮನೆಯಲ್ಲಿ ಬಿಡುವವರಿದ್ದಾರೆ; ತಣ್ಣನೆ ನೆಲ, ಫಿನಾಯಿಲ್ ವಾಸನೆ, ತುಂಬಿದ ಬಕೆಟ್, ಮೂರೂ ಮಂಪರಿನ ಬೆಕ್ಕಿಗೆ ಆಗದವು. ಚಿಕ್ಕ ಕೋಣೆಯಿದ್ದರೆ ಮಂಚದ ಕೆಳಭಾಗವನ್ನು ಸೂಟ್‌ಕೇಸು, ರಟ್ಟಿನ ಪೆಟ್ಟಿಗೆ ಇಟ್ಟು ಮುಚ್ಚಿಬಿಡಿ. ಒಮ್ಮೆ ಮಂಚದಡಿ ಸೇರಿಕೊಂಡರೆ ಮಾತ್ರೆಯ ಹೊತ್ತಿಗೆ ಮುಂಗಾಲು ಹಿಡಿದು ಎಳೆಯಬೇಕಾಗುತ್ತದೆ, ಆ ಎಳೆತವೆಲ್ಲ ಹೊಲಿಗೆಯ ಮೇಲೆ. ಸಜ್ಜಾ, ಬೀರು, ಫ್ರಿಜ್ಜಿನ ಮೇಲೆ ಹತ್ತಲು ಮೆಟ್ಟಿಲಾಗುವ ಕುರ್ಚಿ, ಸ್ಟೂಲು ಹೊರಗಿಡಿ. ನಾಯಿಗೆಂದು ಸಿಗುವ ಮಡಚುವ ಕಬ್ಬಿಣದ ಕೇಜ್ ಎರಡು ವಾರಕ್ಕೆ ಯಾರಿಂದಲಾದರೂ ಎರವಲು ಸಿಕ್ಕರೆ ಇನ್ನೂ ಒಳ್ಳೆಯದು, ನೀವು ಕೆಲಸಕ್ಕೆ ಹೋದಾಗ ನಿಶ್ಚಿಂತೆ.

ಅರಿವಳಿಕೆಯಲ್ಲಿ ಮೈ ತಣ್ಣಗಾಗುತ್ತದೆ. ಬೆಕ್ಕಿನ ಸಹಜ ತಾಪಮಾನ 38ರಿಂದ 39.2 ಡಿಗ್ರಿ ಸೆಲ್ಸಿಯಸ್, ನಮಗಿಂತ ಜಾಸ್ತಿ. ಕಿವಿ, ಪಾದ ಕೈಗೆ ತಣ್ಣಗೆ ಹತ್ತಿದರೆ ಬಿಸಿ ಬೇಕೆಂದೇ ಅರ್ಥ. ಸ್ನಾನಕ್ಕೆ ಹದವಾದಷ್ಟು ಬಿಸಿನೀರನ್ನು ಪ್ಲಾಸ್ಟಿಕ್ ಬಾಟಲಿಗೆ ತುಂಬಿ, ಟವೆಲ್ ಎರಡು ಸುತ್ತು ಸುತ್ತಿ, ಬುಟ್ಟಿಯ ಒಂದೇ ಬದಿಗೆ ಇಡಿ. ಎರಡೂ ಬದಿಗೆ ಇಟ್ಟರೆ ಸೆಖೆಯಾದಾಗ ಸರಿದುಕೊಳ್ಳಲು ಜಾಗವಿರುವುದಿಲ್ಲ. ವಿದ್ಯುತ್ ಹೀಟಿಂಗ್ ಪ್ಯಾಡ್ ಬೇಡವೇ ಬೇಡ: ಮಂಪರಿನಲ್ಲಿ ಸುಡುತ್ತಿರುವುದು ಗೊತ್ತಾಗದೆ ಅಲ್ಲೇ ಮಲಗಿರುತ್ತದೆ, ಎರಡು ದಿನದ ಮೇಲೆ ಚರ್ಮ ಸುಲಿದು ಬರುತ್ತದೆ. ದಾವಣಗೆರೆಯ ಏಪ್ರಿಲ್ ಬಿಸಿಲಾದರೆ ಬಾಟಲಿ ಬೇಕಾಗುವುದಿಲ್ಲ, ಫ್ಯಾನಿನ ಗಾಳಿ ನೇರ ಮೈಮೇಲೆ ಬೀಳದಿದ್ದರೆ ಸಾಕು.

ಮಲಗುವ ತನಕ ಅರ್ಧ ಗಂಟೆಗೊಮ್ಮೆ ಎರಡು ವಿಷಯ ನೋಡಿ. ಉಸಿರು: ಎದೆ ಏಳುವುದನ್ನು ಒಂದು ನಿಮಿಷ ಎಣಿಸಿ. ವಿಶ್ರಾಂತಿಯಲ್ಲಿ 15ರಿಂದ 30 ಸಹಜ, ಮಲಗಿರುವಾಗಲೂ 40 ದಾಟಿದರೆ ಅಥವಾ ಬಾಯಿ ತೆರೆದು ಉಸಿರಾಡಿದರೆ ಫೋನ್ ಮಾಡಬೇಕು. ಒಸಡು: ಮೇಲ್ದುಟಿ ಎತ್ತಿ ನೋಡಿ. ಗುಲಾಬಿ ಇರಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಯಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ಆಪರೇಷನ್‌ಗೆ ಮೊದಲೇ ಎರಡು ದಿನ ಇದನ್ನು ನೋಡಿ ರೂಢಿಸಿಕೊಳ್ಳಿ. ಮಿನ್ನಿಯ ಸಹಜ ಬಣ್ಣ ಗೊತ್ತಿದ್ದರೆ ತಾನೆ ಬದಲಾದದ್ದು ಗೊತ್ತಾಗುವುದು. ಒಸಡು ಸುಣ್ಣದಂತೆ ಬಿಳುಚಿ, ಹೊಟ್ಟೆ ಉಬ್ಬುತ್ತಾ, ಬೆಕ್ಕು ಎಚ್ಚರಗೊಳ್ಳುವ ಬದಲು ಮತ್ತಷ್ಟು ಮಂಕಾದರೆ ಒಳಗೆ ಕಟ್ಟಿದ ರಕ್ತನಾಳ ಸಡಿಲಿರಬಹುದು. ಹೊರಗೆ ಒಂದು ಹನಿ ರಕ್ತವೂ ಕಾಣಿಸದೆ ಇದು ಆಗಬಹುದು. ಬೆಳಗಾಗಲಿ ಎಂದು ಕಾಯುವ ವಿಷಯ ಇದಲ್ಲ.

ನೀರು, ಊಟ ಎರಡಕ್ಕೂ ಒಂದೇ ಅಳತೆ: ಬೆಕ್ಕು ಓಲಾಡದೆ ನೇರವಾಗಿ ನಾಲ್ಕು ಹೆಜ್ಜೆ ನಡೆಯಬೇಕು. ಅದಕ್ಕೂ ಮೊದಲು ಬಾಯಿಗೆ ಏನನ್ನೂ ಹಾಕಬೇಡಿ, ನುಂಗುವ ಹಿಡಿತ ಇನ್ನೂ ಬಂದಿರುವುದಿಲ್ಲ. ಮೊದಲು ತಟ್ಟೆಯಲ್ಲಿ ಸ್ವಲ್ಪ ನೀರು, ಅದು ನಿಂತರೆ ಎರಡು ಟೀ ಚಮಚ ಊಟ. ಒಂದು ಗಂಟೆ ಬಿಟ್ಟು ಮತ್ತೆರಡು ಚಮಚ. ಆ ರಾತ್ರಿಗೆ ಒಟ್ಟು ದಿನನಿತ್ಯದ ಕಾಲು ಭಾಗ ಸಾಕು. ಒಂದೆರಡು ಸಲ ನೊರೆಯಂಥ ವಾಂತಿ ಬಂದರೆ ಗಾಬರಿ ಬೇಡ, ತಟ್ಟೆ ಎತ್ತಿ ಎರಡು ಗಂಟೆ ಸುಮ್ಮನಿರಿ.

ಹಾಲು-ಅನ್ನ ಬೇಡ. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲಿನ ಸಕ್ಕರೆ ಜೀರ್ಣವಾಗದು. ದಿನವೂ ಕುಡಿದು ಒಗ್ಗಿದ ಬೆಕ್ಕಿಗೂ ಈ ಹೊತ್ತಿನಲ್ಲಿ ಭೇದಿ ಹಿಡಿಯಬಹುದು, ಆ ತೆಳು ಮಲ ಗಾಯದ ಹತ್ತಿರ ಮೆತ್ತಿಕೊಳ್ಳುತ್ತದೆ. ಅದೂ ಅಲ್ಲದೆ ಗಾಯ ಕೂಡಲು ಬೇಕಾದ ಪ್ರೋಟೀನ್ ಅನ್ನದಲ್ಲಿ ಇಲ್ಲ. ಮಿನ್ನಿ ದಿನವೂ ತಿನ್ನುವ ಕ್ಯಾಟ್ ಫುಡ್ ಇದ್ದರೆ ಅದೇ ಎಲ್ಲಕ್ಕಿಂತ ಒಳ್ಳೆಯದು, ಈ ವಾರ ಹೊಸ ರುಚಿ ಪ್ರಯೋಗ ಬೇಡ. ಮನೆ ಊಟವೇ ಆದರೆ ಚರ್ಮ, ಮೂಳೆ ತೆಗೆದ ಕೋಳಿ ಎದೆಮಾಂಸ ಬರೀ ನೀರಲ್ಲಿ ಬೇಯಿಸಿ, ಕೈಯಲ್ಲಿ ಎಳೆಎಳೆ ಬಿಡಿಸಿ, ಬೇಯಿಸಿದ ನೀರಿನ ಜೊತೆ ಕೊಡಿ. 3 ಕೆ.ಜಿ. ಬೆಕ್ಕಿಗೆ ಮಲಗಿದಲ್ಲೇ ಇರಲು ದಿನಕ್ಕೆ ಸುಮಾರು 160 ಕ್ಯಾಲೊರಿ ಬೇಕು. ಬೆಂದ ಎದೆಮಾಂಸ 100 ಗ್ರಾಂ ಹೆಚ್ಚುಕಡಿಮೆ ಅಷ್ಟನ್ನು ಕೊಡುತ್ತದೆ. ನಾಲ್ಕು ಪಾಲು ಮಾಡಿ ಹಾಕಿ. ಇದು ನಾಲ್ಕೈದು ದಿನದ ಮಾತು, ತಿಂಗಳುಗಟ್ಟಲೆ ಬರೀ ಕೋಳಿ ಹಾಕಿದರೆ ಸುಣ್ಣದಂಶ, ಟಾರಿನ್ ಎಂಬ ಪೋಷಕಾಂಶ ಕಡಿಮೆ ಬೀಳುತ್ತವೆ. ಸಾರಿನಿಂದ ತೆಗೆದು ತೊಳೆದ ತುಂಡು ನಡೆಯುವುದಿಲ್ಲ: ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣ ಒಡೆಯುತ್ತವೆ, ಬೆಂದರೂ ಅದು ಹೋಗುವುದಿಲ್ಲ.

ತಿನ್ನದೆ ಮುಖ ತಿರುಗಿಸಿದರೆ ಊಟದ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಉಗುರುಬೆಚ್ಚಗೆ ಮಾಡಿ. ಬೆಕ್ಕಿಗೆ ಹಸಿವು ಮೂಗಿನಿಂದ ಏಳುತ್ತದೆ, ಫ್ರಿಜ್ಜಿನಿಂದ ತೆಗೆದದ್ದಕ್ಕೆ ವಾಸನೆಯೇ ಇರುವುದಿಲ್ಲ. ಮನೆಗೆ ಬಂದು 24 ಗಂಟೆಯಾದರೂ ಏನೂ ತಿನ್ನದಿದ್ದರೆ ಡಾಕ್ಟರಿಗೆ ಹೇಳಿ. ಬೆಕ್ಕು ನಾಯಿಯಂತೆ ಉಪವಾಸ ತಡೆಯುವ ಪ್ರಾಣಿಯಲ್ಲ: ಎರಡು-ಮೂರು ದಿನ ಪೂರ್ತಿ ಊಟ ಬಿಟ್ಟರೆ ಮೈಯ ಕೊಬ್ಬು ಕರಗಿ ಬಂದು ಯಕೃತ್ತಿನಲ್ಲಿ ತುಂಬಿಕೊಳ್ಳಲು ಶುರುವಾಗುತ್ತದೆ. ದಪ್ಪ ಬೆಕ್ಕುಗಳಿಗೆ ಈ ಅಪಾಯ ಇನ್ನೂ ಹೆಚ್ಚು. ಒತ್ತಾಯದಿಂದ ಬಾಯಿಗೆ ತುರುಕಲು ಹೋಗಬೇಡಿ. ಆ ಊಟವನ್ನೇ ಬೆಕ್ಕು ಮುಂದೆ ದ್ವೇಷಿಸುತ್ತದೆ.

ಪಕ್ಕದ ಮನೆಯ ಬೆಕ್ಕಿನ ಕಥೆಗೆ ಬರೋಣ. ಮೂರನೇ ದಿನವೇ ಅದು ಆಗಿದ್ದು ಕಾಕತಾಳೀಯವಲ್ಲ. ಮಂಪರು ಇಳಿದು, ಇಂಜೆಕ್ಷನ್ನಿನ ಪರಿಣಾಮ ಮುಗಿದು, ಬೋಳಿಸಿದ ಕೂದಲು ಚಿಗುರಿ ನವೆ ಶುರುವಾಗುವ ಹೊತ್ತು ಅದು. ಗಾಯ ನೆಕ್ಕದಂತೆ ಕುತ್ತಿಗೆಗೆ ಹಾಕಿದ ಕಾಲರನ್ನು ಮನೆಯವರು ಕೂಡ ಪಾಪ ಎಂದು ಬಿಚ್ಚುವುದು ಅದೇ ಹೊತ್ತಿಗೆ. ಬೆಕ್ಕಿನ ನಾಲಿಗೆಯ ಮೇಲೆ ಹಿಂದಕ್ಕೆ ಬಾಗಿದ ಗಟ್ಟಿ ಮುಳ್ಳುಗಳಿವೆ, ಮೂಳೆಯಿಂದ ಮಾಂಸ ಕೆರೆಯಲಿಕ್ಕೆಂದೇ ಇರುವಂಥವು. ಹತ್ತು ನಿಮಿಷ ನೆಕ್ಕಿದರೆ ಚರ್ಮದ ಅಂಚು ಬಿಡುತ್ತದೆ, ದಾರದ ಗಂಟು ಹಲ್ಲಿಗೆ ಸಿಕ್ಕಿದರೆ ಮುಗಿಯಿತು. ನೆಕ್ಕಿದರೆ ಬೇಗ ವಾಸಿ ಎಂಬ ಮಾತನ್ನು ಹೊಲಿಗೆ ಹಾಕಿದ ಗಾಯಕ್ಕೆ ಅನ್ವಯಿಸಬೇಡಿ.

ಕೋನ್ ಆಕಾರದ ಕಾಲರ್ ಸರಿಯಾಗಿದೆಯೇ ಎಂದು ಹೀಗೆ ನೋಡಿ: ಹಾಕಿದ ಮೇಲೆ ಅದರ ಹೊರ ಅಂಚು ಮೂಗಿನ ತುದಿಗಿಂತ 2–3 ಸೆಂ.ಮೀ. ಮುಂದಿರಬೇಕು. ಕುತ್ತಿಗೆಯ ಕಡೆ ನಿಮ್ಮ ಎರಡು ಬೆರಳು ಹೋಗಬೇಕು. ಒಂದೂ ಹೋಗದಿದ್ದರೆ ಬಿಗಿ, ಮೂರು ಹೋದರೆ ಮುಂಗಾಲು ತೂರಿಸಿ ಕಳಚುತ್ತದೆ. ಹಾಕಿಸಿಕೊಂಡ ಬೆಕ್ಕು ಹಿಂದೆ ಹಿಂದೆ ನಡೆಯುತ್ತದೆ, ಗೋಡೆಗೆ ಬಡಿದುಕೊಳ್ಳುತ್ತದೆ, ಸತ್ತಂತೆ ಬಿದ್ದುಕೊಳ್ಳುತ್ತದೆ. ಇದನ್ನು ನೋಡಲಾಗದೆ ಬಿಚ್ಚಿದಿರಿ ಎಂದರೆ ಮುಂದಿನ ಸಲ ಎರಡರಷ್ಟು ಒದ್ದಾಡುತ್ತದೆ. ಹೆಚ್ಚಿನವು ಒಂದೆರಡು ದಿನದಲ್ಲಿ ಒಗ್ಗಿಕೊಳ್ಳುತ್ತವೆ. ಆಪರೇಷನ್‌ಗೆ ಮೊದಲೇ ಕಾಲರ್ ತಂದು, ದಿನಕ್ಕೆ ಹತ್ತು ನಿಮಿಷ ಹಾಕಿ, ಹಾಕಿರುವಾಗಲೇ ಇಷ್ಟದ ತಿಂಡಿ ಕೊಟ್ಟು ರೂಢಿ ಮಾಡಿಸಿದರೆ ಈ ಗೋಳು ಅರ್ಧ ಕಡಿಮೆ. ಊಟದ ತಟ್ಟೆ ಕಾಲರ್‌ನ ಬಾಯಿಗಿಂತ ಚಿಕ್ಕದಾಗಿ, ಚಪ್ಪಟೆಯಾಗಿ, ಒಂದು ಮಣೆಯ ಮೇಲೆ ಎತ್ತರಿಸಿ ಇದ್ದರೆ ಕಾಲರ್ ಇದ್ದೂ ತಿನ್ನಬಹುದು. ಆಗದಿದ್ದರೆ ಊಟದ ಹತ್ತು ನಿಮಿಷ ತೆಗೆಯಿರಿ, ಆದರೆ ಆಗ ಕಣ್ಣು ಬೆಕ್ಕಿನ ಮೇಲೆಯೇ ಇರಲಿ. ಊಟವಾದ ಕೂಡಲೇ ಮೈ ನೆಕ್ಕಲು ಕೂರುವುದು ಬೆಕ್ಕಿನ ಅಭ್ಯಾಸ, ಫೋನ್ ಬಂತೆಂದು ಆಚೆ ಹೋಗುವ ಹೊತ್ತಲ್ಲ ಅದು. ಪ್ಲಾಸ್ಟಿಕ್ ಅಂಚು ಕುತ್ತಿಗೆ ಉಜ್ಜಿ ಕೆಂಪಾಗುತ್ತಿದ್ದರೆ ಹತ್ತಿ ಬಟ್ಟೆಯ ಪಟ್ಟಿ ಹೊಲಿದು ಮುಚ್ಚಿ.

ಕಾಲರ್ ಬದಲಿಗೆ ಬಟ್ಟೆಯ ಅಂಗಿ ಹಾಕುವವರೂ ಇದ್ದಾರೆ. ಹಳೆಯ ತುಂಬುತೋಳಿನ ಟೀ-ಶರ್ಟಿನ ತೋಳನ್ನು ಸುಮಾರು 30 ಸೆಂ.ಮೀ. ಕತ್ತರಿಸಿ, ಮಣಿಕಟ್ಟಿನ ಕಡೆ ಕುತ್ತಿಗೆಗೆ ಬರುವಂತೆ, ಮುಂಗಾಲಿಗೆ ಎರಡು ತೂತು, ಹಿಂಗಾಲಿಗೆ ಎರಡು ತೂತು ಮಾಡಿ, ಬಾಲದ ಕೆಳಗೆ ಮಲಮೂತ್ರಕ್ಕೆ ಅಡ್ಡಿಯಾಗದಷ್ಟು ಕತ್ತರಿಸಿದರೆ ಆಯಿತು. ನೋಡಲು ಚೆಂದ, ಬೆಕ್ಕಿಗೂ ಹಿತ. ತೊಂದರೆ ಏನೆಂದರೆ ಬಟ್ಟೆ ಒದ್ದೆಯಾದರೆ ಗಾಯಕ್ಕೆ ಅಂಟಿ ಕೂರುತ್ತದೆ, ಬಟ್ಟೆಯ ಮೇಲಿಂದಲೇ ನೆಕ್ಕಿ ಗಾಯ ನೆನೆಸುವ ಬೆಕ್ಕುಗಳೂ ಇವೆ. ಮನೆಯಲ್ಲಿ ಜನರಿರುವಾಗ ಅಂಗಿ, ನೀವು ಕೆಲಸಕ್ಕೆ ಹೋದಾಗ ಮತ್ತು ರಾತ್ರಿ ಕಾಲರ್ ಎಂದಿಟ್ಟುಕೊಳ್ಳಿ. ಯಾವುದಾದರೂ ಒಂದು, ಹಗಲೂ ರಾತ್ರಿ, ಹೊಲಿಗೆ ಬಿಚ್ಚುವ ದಿನದವರೆಗೂ ಇರಬೇಕು.

ಗಾಯಕ್ಕೆ ಏನು ಹಚ್ಚಬೇಕೆಂದು ಎಲ್ಲರೂ ಕೇಳುತ್ತಾರೆ. ಚೆನ್ನಾಗಿ ಕೂಡಿಕೊಂಡಿರುವ ಹೊಲಿಗೆಗೆ ಏನೂ ಹಚ್ಚುವುದು ಬೇಡ. ಅರಿಶಿನಕ್ಕೆ ಅಡುಗೆಮನೆಯಲ್ಲಿ ಎಷ್ಟೇ ಗೌರವವಿರಲಿ, ಪುಡಿಯ ಕಣಗಳು ಹೊಲಿಗೆಯ ಸಂದಿನಲ್ಲಿ ಕೂತು ಹಕ್ಕಳೆ ಕಟ್ಟುತ್ತವೆ, ಹಳದಿ ಬಣ್ಣದಡಿ ಕೆಂಪಾದದ್ದೂ ಕೀವಾದದ್ದೂ ಕಾಣುವುದಿಲ್ಲ, ಎಣ್ಣೆಯಲ್ಲಿ ಕಲಸಿದರಂತೂ ನೆಕ್ಕಲು ಆಹ್ವಾನ ಕೊಟ್ಟಂತೆ. ಡೆಟಾಲ್, ಫಿನಾಯಿಲ್ ಜಾತಿಯವು ಬೆಕ್ಕಿಗೆ ವಿಷ. ಆ ಕೋಣೆಯ ನೆಲ ಒರೆಸಲೂ ಈ ಎರಡು ವಾರ ಬರೀ ನೀರು, ಸೋಪು ಬಳಸಿ, ಯಾಕೆಂದರೆ ಪಾದಕ್ಕೆ ಹತ್ತಿದ್ದು ಕೊನೆಗೆ ಬಾಯಿಗೇ ಹೋಗುತ್ತದೆ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಹೊಸದಾಗಿ ಕೂಡುತ್ತಿರುವ ಚರ್ಮವನ್ನೇ ಸುಡುತ್ತವೆ. ಸುತ್ತಲಿನ ಕೂದಲಿಗೆ ರಕ್ತ ಒಣಗಿ ಅಂಟಿದ್ದರೆ ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿ ಹಿಂಡಿದ ಗಾಜ್ ಬಟ್ಟೆಯ ತುಂಡಿನಿಂದ ಮೆಲ್ಲಗೆ ಒರೆಸಿ, ಒಣಗಿಸಿ. ಹತ್ತಿ ಬೇಡ, ಎಳೆ ಸಿಕ್ಕಿಕೊಳ್ಳುತ್ತದೆ. ಡಾಕ್ಟರು ಮುಲಾಮು ಬರೆದಿದ್ದರೆ ಮಾತ್ರ ಅದು. ಎರಡು ವಾರ ಸ್ನಾನವೂ ಇಲ್ಲ.

ದಿನಕ್ಕೆ ಎರಡು ಸಲ ಗಾಯ ನೋಡಿ, ಒಂದೇ ಜಾಗದಲ್ಲಿ ಒಂದೇ ಬೆಳಕಿನಲ್ಲಿ ಫೋಟೋ ತೆಗೆಯಿರಿ. ನಿನ್ನೆಗಿಂತ ಹೆಚ್ಚಾಗಿದೆಯೇ ಎಂಬ ಅನುಮಾನಕ್ಕೆ ಫೋಟೋ ಕೊಡುವ ಉತ್ತರವನ್ನು ನೆನಪು ಕೊಡಲಾರದು, ಡಾಕ್ಟರಿಗೆ ಕಳಿಸಲೂ ಅನುಕೂಲ. ಮೊದಲ ಎರಡು ದಿನ ಅಂಚು ಸ್ವಲ್ಪ ಕೆಂಪು, ಒಂದೆರಡು ಹನಿ ನಸುಗೆಂಪು ನೀರು, ಸುತ್ತ ನೀಲಿಗಟ್ಟಿದ ಕಲೆ ಇರಬಹುದು. ಮೂರರಿಂದ ಐದನೇ ದಿನದ ಹೊತ್ತಿಗೆ ಹೊಲಿಗೆಯುದ್ದಕ್ಕೂ ಚರ್ಮದಡಿ ಒಂದು ಗಟ್ಟಿ ಏಣು ಕೈಗೆ ಸಿಗುತ್ತದೆ. ಒತ್ತಿದರೆ ಬೆಕ್ಕು ತಲೆ ಕೆಡಿಸಿಕೊಳ್ಳುವುದಿಲ್ಲ, ಚರ್ಮ ಒಣಗಿರುತ್ತದೆ. ಒಳಗಿನ ಕರಗುವ ದಾರಕ್ಕೆ ಮೈ ತೋರುವ ಪ್ರತಿಕ್ರಿಯೆ ಅದು, ಎರಡು-ಮೂರು ವಾರದಲ್ಲಿ ಇಳಿಯುತ್ತದೆ. ಇದಕ್ಕೇ ಹೆದರಿ ಓಡಿ ಬರುವವರು ಬಹಳ.

ಹೆದರಬೇಕಾದದ್ದು ಬೇರೆ. ಗಾಯದ ಬಾಯಿ ಬಿಟ್ಟುಕೊಂಡಿದ್ದು, ನಿಲ್ಲದೆ ತೊಟ್ಟಿಕ್ಕುವ ರಕ್ತ, ಹಳದಿ-ಹಸಿರು ಕೀವು, ಕೆಟ್ಟ ವಾಸನೆ, ಮುಟ್ಟಿದರೆ ಬಿಸಿ ಮತ್ತು ಗುರ್ ಎನ್ನುವ ನೋವು: ಅದೇ ದಿನ ತೋರಿಸಿ. ಮೆತ್ತಗಿನ ಊತ ಒತ್ತಿದಾಗ ಒಳಗೆ ಹೋಗಿ ಬಿಟ್ಟಾಗ ಮತ್ತೆ ಬಂದರೆ ಒಳಗಿನ ಸ್ನಾಯುವಿನ ಹೊಲಿಗೆ ಬಿಟ್ಟಿದೆ ಎಂದು ಅನುಮಾನಿಸಬೇಕು. ಮತ್ತೆ ಮತ್ತೆ ಒತ್ತಿ ಪರೀಕ್ಷೆ ಮಾಡುತ್ತಾ ಕೂರಬೇಡಿ. ಗಾಯದಿಂದ ಗುಲಾಬಿ ಬಣ್ಣದ ಕೊಬ್ಬೋ ಕರುಳೋ ಹೊರಗೆ ಬಂದಿದ್ದರೆ ಒಳಗೆ ತಳ್ಳಬಾರದು. ಸಲೈನ್ ಅಥವಾ ಕುದಿಸಿ ಆರಿಸಿದ ನೀರಲ್ಲಿ ನೆನೆಸಿದ ಶುಭ್ರ ಬಟ್ಟೆ ಹೊದಿಸಿ, ಟವೆಲ್ಲಿನಿಂದ ಹೊಟ್ಟೆ ಸುತ್ತಿ, ಕಾಲರ್ ಹಾಕಿ, ಹೊರಡಿ.

ಮಳೆಗಾಲದಲ್ಲಿ ನೊಣದ ಕಾಟ ಬೇರೆ. ಒದ್ದೆಯಾದ, ವಾಸನೆ ಬಂದ ಗಾಯದ ಮೇಲೆ ನೊಣ ಮೊಟ್ಟೆ ಇಟ್ಟರೆ ಒಂದೇ ದಿನದಲ್ಲಿ ಹುಳ ಬೀಳಬಹುದು. ಕೇಜಿನ ಮೇಲೆ ಸೊಳ್ಳೆಪರದೆ ಹೊದಿಸಿ, ಉಳಿದ ಊಟ ಅರ್ಧ ಗಂಟೆಗೆ ಎತ್ತಿ, ಇಲ್ಲದಿದ್ದರೆ ಇರುವೆ ಸಾಲುಗಟ್ಟುತ್ತದೆ. ಮುಚ್ಚಿದ ಕೋಣೆಯಲ್ಲಿ ಕಾಯಿಲ್ ಹಚ್ಚಬೇಡಿ.

ಮಲಮೂತ್ರಕ್ಕೆ ತಗ್ಗಿನ ಅಂಚಿನ ಟ್ರೇ ಇಡಿ, ಕಾಲರ್ ತಾಗದಂತೆ. ಮೊದಲ ನಾಲ್ಕೈದು ದಿನ ಮರಳು ಅಥವಾ ಮಣ್ಣಿನ ಲಿಟರ್ ಬದಲು ಹರಿದ ನ್ಯೂಸ್‌ಪೇಪರ್ ಹಾಕಿದರೆ ಧೂಳು ಗಾಯಕ್ಕೆ ಅಂಟುವುದಿಲ್ಲ. ಮೂತ್ರ 24 ಗಂಟೆಯೊಳಗೆ ಆಗಬೇಕು. ಮಲ ಎರಡು-ಮೂರು ದಿನ ತಡವಾದರೆ ಚಿಂತೆಯಿಲ್ಲ, ಹೊಟ್ಟೆ ಖಾಲಿ ಇತ್ತಲ್ಲ.

ಆಂಟಿಬಯಾಟಿಕ್ ಎಲ್ಲ ಬೆಕ್ಕಿಗೂ ಬೇಕೆಂದಿಲ್ಲ. ಕೊಟ್ಟಿದ್ದರೆ ಹೇಳಿದಷ್ಟು ದಿನ ಪೂರ್ತಿ ಕೊಡಿ. ಪುಡಿಗೆ ನೀರು ಬೆರೆಸಿ ಮಾಡುವ ಸಿರಪ್ ಆದರೆ ಬೆರೆಸಿದ ಮೇಲೆ ಫ್ರಿಜ್ಜಿನಲ್ಲಿಡಿ, ಲೇಬಲ್ಲಿನ ಮೇಲಿರುವ ದಿನ ಕಳೆದ ಮೇಲೆ ಉಳಿದದ್ದನ್ನು ಚೆಲ್ಲಿ. ಸೂಜಿಯಿಲ್ಲದ ಸಿರಿಂಜನ್ನು ಬಾಯಿಯ ಪಕ್ಕದಿಂದ ಕೋರೆಹಲ್ಲಿನ ಹಿಂದೆ ತೂರಿಸಿ ಸ್ವಲ್ಪ ಸ್ವಲ್ಪ ಬಿಡಬೇಕು. ತಲೆ ಮೇಲಕ್ಕೆತ್ತಿ ಗಂಟಲಿಗೆ ಹೊಡೆದರೆ ಶ್ವಾಸಕ್ಕೆ ಹೋಗುತ್ತದೆ. ಔಷಧ ಕಹಿಯಿದ್ದರೆ ಬಾಯಿತುಂಬ ನೊರೆ ಬರುತ್ತದೆ, ಅದು ರುಚಿಗೆ, ವಿಷಕ್ಕಲ್ಲ. ಮಾತ್ರೆಯಾದರೆ ನಾಲಿಗೆಯ ಬುಡದಲ್ಲಿ ಇಟ್ಟು ಬಾಯಿ ಮುಚ್ಚಿ, ಹಿಂದೆಯೇ ಸಿರಿಂಜಿನಿಂದ 5–6 ಮಿ.ಲೀ. ನೀರು ಕುಡಿಸಿ. ಡಾಕ್ಸಿಸೈಕ್ಲಿನ್ ಮಾತ್ರೆಗಂತೂ ಈ ನೀರು ತಪ್ಪಿಸುವಂತಿಲ್ಲ: ಒಣಗಿದಂತೆ ನುಂಗಿಸಿದರೆ ಅನ್ನನಾಳದಲ್ಲೇ ಅಂಟಿ, ಅಲ್ಲಿ ಹುಣ್ಣಾಗಿ, ಕೆಲ ವಾರದ ಮೇಲೆ ನಾಳ ಕಿರಿದಾಗಿ ತಿಂದದ್ದೆಲ್ಲ ಹಾಗೇ ಕಕ್ಕುವ ಸ್ಥಿತಿಗೆ ಬರುತ್ತದೆ.

ನೋವಿದೆಯೇ ಎಂದು ತಿಳಿಯುವುದು ಹೇಗೆ? ಬೆಕ್ಕು ಕುಯ್ಯೆನ್ನುವುದಿಲ್ಲ, ಪುರ್ರ್ ಎನ್ನುವುದೂ ನೋವಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಮುಖ ನೋಡಿ. ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಮುಖಭಾವದ ಅಳತೆಯೊಂದಿದೆ. ಕಿವಿಗಳು ಚಪ್ಪಟೆಯಾಗಿ ಹೊರಕ್ಕೆ ತಿರುಗಿವೆಯೇ, ಕಣ್ಣು ಅರ್ಧ ಮುಚ್ಚಿ ಬಿಗಿದಿದೆಯೇ, ಮೂತಿ ಬಿಗಿದಿದೆಯೇ, ಮೀಸೆ ನೇರವಾಗಿ ಸೆಟೆದಿದೆಯೇ, ತಲೆ ಭುಜಕ್ಕಿಂತ ಕೆಳಗೆ ಬಾಗಿದೆಯೇ ಎಂಬ ಐದನ್ನು ಅದು ನೋಡುತ್ತದೆ. ಇದರ ಜೊತೆ ಬೆನ್ನು ಗೂನು ಮಾಡಿ ಮೂಲೆಗೆ ಮುಖ ಹಾಕಿ ಕೂತಿದ್ದರೆ ಔಷಧ ಸಾಲುತ್ತಿಲ್ಲ ಎಂದು ಡಾಕ್ಟರಿಗೆ ಹೇಳಿ. ಡೋಸ್ ನೀವೇ ಹೆಚ್ಚಿಸಬೇಡಿ.

ಗಂಡು ಬೆಕ್ಕನ್ನು ಮಿನ್ನಿಯಿಂದ ದೂರವಿಡಲೇಬೇಕು, ಹೊಲಿಗೆ ಬಿಚ್ಚುವವರೆಗೆ. ಎರಡು ಕಾರಣ. ಆಸ್ಪತ್ರೆಯ ವಾಸನೆ ಹೊತ್ತು ಬಂದ ಮಿನ್ನಿ ಅದಕ್ಕೆ ಬೇರೆ ಯಾರೋ ಎನಿಸಿ ಬುಸುಗುಟ್ಟಿ ಮೇಲೆ ಬೀಳಬಹುದು. ಇನ್ನೊಂದು, ಬೆದೆಯ ವಾಸನೆ ಆಪರೇಷನ್ ಆದ ಮೇಲೂ ಕೆಲ ದಿನ ಉಳಿಯುತ್ತದೆ. ಏರಲು ಹೋದರೆ ಹೊಸ ಗಾಯಕ್ಕೆ ಗಂಭೀರ ಪೆಟ್ಟಾಗುತ್ತದೆ. ಮೂರನೇ ದಿನದಿಂದ ಮಿನ್ನಿ ಮಲಗಿದ ಟವೆಲ್ಲನ್ನು ಅದರ ಊಟದ ಹತ್ತಿರ, ಅದರದ್ದನ್ನು ಮಿನ್ನಿಯ ಹತ್ತಿರ ಇಡುತ್ತಾ ಬನ್ನಿ. ಆಮೇಲೆ ಬಾಗಿಲ ಸಂದಿಯಿಂದ ನೋಡಲಿ, ಕೊನೆಗೆ ಒಟ್ಟಿಗೆ ಬಿಡಿ.

ಮೂರನೇ ದಿನಕ್ಕೇ ಮಿನ್ನಿ ಮೊದಲಿನಂತೆ ಓಡಲು ನೋಡುತ್ತದೆ. ಹೊರಚರ್ಮ ಕೂಡಿದಂತೆ ಕಂಡರೂ ಒಳಗಿನ ಪದರಕ್ಕೆ ಇನ್ನೂ ದಾರವೇ ಆಧಾರ, ಹಾಗಾಗಿ 10ರಿಂದ 14 ದಿನ ಜಿಗಿತ, ಆಟ, ಹೊರಗೆ ಬಿಡುವುದು ಯಾವುದೂ ಇಲ್ಲ. ನೈಲಾನ್ ಹೊಲಿಗೆಯಾದರೆ ಅದೇ ಅವಧಿಯಲ್ಲಿ ಬಿಚ್ಚಿಸಿ. ಉಗುರು ಕತ್ತರಿ ಹಿಡಿದು ಮನೆಯಲ್ಲಿ ಬಿಚ್ಚಬೇಡಿ. ಕರಗುವ ದಾರವಾದರೂ 10ನೇ ದಿನ ಒಮ್ಮೆ ತೋರಿಸಿ ಬನ್ನಿ. ಆಮೇಲೆ ಊಟ ಅಳೆದು ಹಾಕಿ: ಅಂಡಾಶಯ ತೆಗೆದ ಬೆಕ್ಕಿಗೆ ಹಸಿವು ಹೆಚ್ಚುತ್ತದೆ, ಬೇಕಾಗುವ ಶಕ್ತಿ ಮಾತ್ರ ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ. ತಿಂಗಳಿಗೊಮ್ಮೆ ತೂಕ ನೋಡಿ.

ಗಂಡಿಗೂ ಮಾಡಿಸಿಬಿಡಿ, ಮಿನ್ನಿ ಪೂರ್ತಿ ಚೇತರಿಸಿಕೊಂಡ ಮೇಲೆ. ಅದರದ್ದು ಇದಕ್ಕಿಂತ ಚಿಕ್ಕ ಕೆಲಸ. ಸಾಮಾನ್ಯವಾಗಿ ಹೊರ ಹೊಲಿಗೆಯೇ ಇರುವುದಿಲ್ಲ, ತೆರೆದ ಪುಟ್ಟ ಗಾಯ ತಾನೇ ಮುಚ್ಚಿಕೊಳ್ಳುತ್ತದೆ. ಆದ್ದರಿಂದಲೇ ಅದಕ್ಕೆ ಪೇಪರ್ ಟ್ರೇ ಇನ್ನೂ ಮುಖ್ಯ. ಟ್ರೇಯಲ್ಲಿ ಮತ್ತೆ ಮತ್ತೆ ಕೂತು ತಿಣುಕಿದರೂ ಮೂತ್ರ ಬಾರದಿದ್ದರೆ ಮೂತ್ರನಾಳ ಕಟ್ಟಿರಬಹುದು, ಗಂಡು ಬೆಕ್ಕಿಗೆ ಅದು ಪ್ರಾಣಕ್ಕೆ ಬರುವ ವಿಷಯ, ಅದೇ ಗಳಿಗೆ ಆಸ್ಪತ್ರೆಗೆ ಒಯ್ಯಿರಿ. ಆಪರೇಷನ್ ಆದ ಮೇಲೂ ಕೆಲವು ವಾರ ಅದರಿಂದ ಮರಿಯಾಗುವ ಸಾಧ್ಯತೆ ಉಳಿದಿರುತ್ತದೆ. ಮಿನ್ನಿಗೆ ಅದರಿಂದ ಏನೂ ಆಗದು, ಬೀದಿಯ ಹೆಣ್ಣುಬೆಕ್ಕುಗಳಿವೆಯಲ್ಲ. ಒಂದೂವರೆ ತಿಂಗಳು ಮನೆಯೊಳಗೇ ಇರಲಿ.